ಅತ್ತೆಯ ಬೆರಳಿಗೆ ಮಾವನ ಇಂಗ್ಲಿಷ್

ನಮ್ಮ ಸೋದರಮಾವನಷ್ಟು ಇಂಗ್ಲಿಷ್ ತಮಿಳುನಾಡಿನ ಈ ಪೆನ್ನಾಗರಂ ಸುತ್ತಮುತ್ತ ಯಾರಿಗೂ ಬರುವುದಿಲ್ಲ ಎಂದರೆ ನೀವು ನಂಬಲೇಬೇಕು. ಷರತ್ತು ಒಂದೇ: ಮಾತು ಹರಡುವುದರ ಬಗ್ಗೆ ಇರಬೇಕು! ಸ್ಪ್ರೆಡ್, ಸ್ಟ್ರೆಚ್, ಎಕ್ಸ್‌ಟೆಂಡ್, ಅನ್‌ಫೋಲ್ಡ್... ಹರಡು, ಚಾಚು, ಬಿಚ್ಚು, ಬಿಡಿಸು ಎನ್ನುವ ಅರ್ಥದ ಯಾವ ಇಂಗ್ಲಿಷ್ ಪದವಾದರೂ ಅವರ ಬಾಯಲ್ಲಿ ಸಲೀಸು. 'ಬಾ', 'ಹೋಗು', 'ಉಣ್ಣು' ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿ ನೋಡಿ, ಕುರಿಗಳ ಕಡೆ ಮುಖ ತಿರುಗಿಸಿ ಕೂರುತ್ತಾರೆ.

ಇದೆಲ್ಲ ಶುರುವಾದದ್ದು ಅತ್ತೆ ಕುರಿದೊಡ್ಡಿಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡ ಮೇಲೆ. ಮೂಳೆ ಕೂಡಿತು, ಪ್ಲಾಸ್ಟರ್ ಕಳಚಿದರು, ಬೆರಳುಗಳು ಮಾತ್ರ ಮುಷ್ಟಿ ಬಿಡಲೊಲ್ಲವು. ಈಗ ಬಿಡಿಸದಿದ್ದರೆ ಹಾಗೇ ನಿಂತುಬಿಡುತ್ತವೆ ಎಂದು ಧರ್ಮಪುರಿಯ ಆಸ್ಪತ್ರೆಯಲ್ಲಿ ಹೆದರಿಸಿದರು. ವ್ಯಾಯಾಮ ಹೇಳಿಕೊಡುವ ಹುಡುಗಿ ಅತ್ತೆಯ ಕೈ ಹಿಡಿದು, "ಸ್ಪ್ರೆಡ್ ಪಣ್ಣುಂಗ ಪಾಟಿ, ಸ್ಟ್ರೆಚ್ ಪಣ್ಣುಂಗ" ಎಂದಳಂತೆ, ಹರಡಿ ಅಜ್ಜಿ, ಚಾಚಿ ಎಂದು. ಹೆಬ್ಬೆರಳು ಒಂದಿಷ್ಟು ಅಲುಗಿತು. ಅಷ್ಟೇ ಸಾಕಾಯಿತು, ಮದ್ದು ಇರುವುದು ಆ ಮಾತಿನಲ್ಲೇ ಎಂದು ಮಾವ ತೀರ್ಮಾನಿಸಿಬಿಟ್ಟರು!

ಅವರದೇನು ತಪ್ಪು? ಮನೆಗೆ ಕನ್ನಡ, ಸಂತೆಗೆ ತಮಿಳು, ಆಸ್ಪತ್ರೆಗೂ ಬ್ಯಾಂಕಿಗೂ ಇಂಗ್ಲಿಷ್ ಎನ್ನುವುದು ನಮ್ಮ ಕಡೆಯ ಕಾಯಿದೆ. ಜೊತೆಗೆ ಮಾವ ಹುಟ್ಟಿದಂದಿನಿಂದ ಕುರಿ ಕಾಯುವವರು. ಮುಂದೆ ನಡೆಯುವ ಟಗರಿಗೆ ಒಂದು ಕೂಗು, ಹಿಂದುಳಿಯುವ ಕುಂಟುಕುರಿಗೆ ಇನ್ನೊಂದು. ಒಂದರ ಕೂಗಿಗೆ ಮತ್ತೊಂದು ತಲೆ ಎತ್ತುವುದಿಲ್ಲ. ಬೆರಳುಗಳೂ ಹಾಗೇ ಅಲ್ಲವೇ? ಹೆಬ್ಬೆರಳು ಸ್ಪ್ರೆಡ್‌ಗೆ ಓಗೊಟ್ಟಿತು, ತೋರುಬೆರಳು ಸ್ಟ್ರೆಚ್‌ಗೆ. ಉಳಿದವುಗಳ ಕೂಗು ಯಾವುದು? ಅದನ್ನು ಹುಡುಕಿಕೊಡಲು, ಮೊರಪ್ಪೂರಿನ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವ ಬಡಪಾಯಿ ನಾನು ಸಿಕ್ಕಿದೆ.

ಬೆಳಗ್ಗೆ ಮಕ್ಕಳು ಪ್ರಾರ್ಥನೆಗೆ ನಿಲ್ಲುವ ಹೊತ್ತಿಗೆ ಸರಿಯಾಗಿ ಫೋನ್. "ಮಗಾ, ಇನ್ನೊಂದ್ ಐತಾ?"

ಸ್ಕ್ಯಾಟರ್ ಕೊಟ್ಟೆ. ಅರ್ಥ ಕೇಳಿದರು, ಚೆಲ್ಲಾಪಿಲ್ಲಿಯಾಗುವುದು ಎಂದೆ. ಸಿಟ್ಟು ಬಂತು. ನಾಯಿ ನುಗ್ಗಿದಾಗ ಮಂದೆಯ ಪಾಡು ಏನಾಗುತ್ತದೆಂದು ಕಂಡವರು ಹೆಂಡತಿಯ ಬೆರಳಿಗೆ ಅಂಥ ಮಾತು ಆಡಿಯಾರೇ? ಎಕ್ಸ್‌ಪ್ಯಾಂಡ್ ಎಂದರೆ ಹಿಗ್ಗುವುದು ಎಂದು ತಿಳಿದು, ಕೈ ಊದಿಕೊಂಡರೆ ಗತಿಯೇನೆಂದು ಮೊದಲು ತಮ್ಮ ಕೈಯ ಮೇಲೇ ಪ್ರಯೋಗಿಸಿಕೊಂಡರು. ಸ್ಪ್ರಾಲ್ ಎಂದರೆ ಕೈಕಾಲು ಚೆಲ್ಲಿ ಬಿದ್ದುಕೊಳ್ಳುವುದು ಎಂದಾಗ, ಆ ವಿದ್ಯೆ ನಿನ್ನ ಗಂಡನಿಗೆ ಆಗಲೇ ಬರುತ್ತದಲ್ಲ, ಅವನೇ ಇಟ್ಟುಕೊಳ್ಳಲಿ ಎಂದರು.

ಕುರಿಗೊಬ್ಬರದ ವ್ಯಾಪಾರ ಮಾತಾಡಲು ಏರ್ಕಾಡಿನ ಕಾಫಿ ಎಸ್ಟೇಟಿಗೆ ಹೋದಾಗ ಅಲ್ಲಿನ ಗುಮಾಸ್ತರು ಬ್ರಾಂಚ್ ಔಟ್ ದಯಪಾಲಿಸಿದರು. ಕೊಂಬೆ ಒಡೆದು ಹರಡುವುದು. ಮಾವ ಗೊಬ್ಬರದ ಮಾತನ್ನು ಅಲ್ಲೇ ಮರೆತು ಬಸ್ಸು ಹತ್ತಿದರು. ಘಾಟಿಯ ತಿರುವಿನಲ್ಲಿ ಪದ ಎಲ್ಲಾದರೂ ಉದುರಿಹೋದರೆ? ಸೇಲಂ ಬರುವವರೆಗೆ ಅದರದೇ ಜಪ. ಎಲ್ಲಿ ಇಳಿಯುತ್ತೀರಿ ಎಂದು ಕಂಡಕ್ಟರ್ ಕೇಳಿದ್ದಕ್ಕೂ ಅದೇ ಉತ್ತರ! ಸೋತ ಕಂಡಕ್ಟರ್ ಪಕ್ಕದವರನ್ನು ಕೇಳಿ ಟಿಕೆಟ್ ಹರಿದರಂತೆ. ಅಚ್ಚರಿಯೆಂದರೆ, ಆ ವಾರದಲ್ಲೇ ನಡುಬೆರಳೂ ಉಂಗುರ ಬೆರಳೂ ಬಿಡಿಸಿಕೊಂಡವು. ಮಾವ ದಿನವಿಡೀ ಒಂದೊಂದೇ ಬೆರಳನ್ನು ಮೆಲ್ಲಗೆ ನೀವುತ್ತಿದ್ದರು ಎನ್ನುವುದು ಯಾರ ಲೆಕ್ಕಕ್ಕೂ ಬರಲಿಲ್ಲ, ಕೀರ್ತಿಯೆಲ್ಲ ಗುಮಾಸ್ತರಿಗೆ.

ಈ ನಡುವೆ ಮುದ್ದೆ ಕಟ್ಟುವುದೂ ಮಾವನೇ. ಅತ್ತೆಯ ಮುಷ್ಟಿಯನ್ನಾದರೂ ಬಿಡಿಸಬಹುದು, ಆ ಮುದ್ದೆಯನ್ನು ಮುರಿಯಲಾಗುತ್ತಿರಲಿಲ್ಲ.

ಉಳಿದದ್ದು ಕಿರುಬೆರಳು. ಅದು ಯಾವ ಪದಕ್ಕೂ ಜಗ್ಗಲಿಲ್ಲ. ಮಾವ ಮಂಕಾದರು, ಕುರಿಗಳನ್ನು ತಮ್ಮನ ಜೊತೆ ಕಳಿಸಿ ಜಗಲಿಯಲ್ಲೇ ಕೂರತೊಡಗಿದರು. ಅದೂ ಹೇಗೆ? ಹೋಗಿಬರುವವರ ಎದುರಿಗೇ ಹೆಂಡತಿಯ ಕೈ ಹಿಡಿದು! ದಾರಿಯಲ್ಲಿ ಗಂಡ ಮುಂದೆ, ಹೆಂಡತಿ ಅಷ್ಟು ದೂರ ಹಿಂದೆ ನಡೆಯುವ ಊರು ನಮ್ಮದು. ಯಾರಾದರೂ ನಕ್ಕರೆ ಮಾವ ಗಂಭೀರವಾಗಿ, "ಟ್ರೀಟ್‌ಮೆಂಟು" ಎನ್ನುತ್ತಿದ್ದರು.

ಒಂದು ಭಾನುವಾರ ನಾನು ಹೋದೆ. ಮಾವ ನೀರು ಸೇದಲು ಹಿತ್ತಲಿಗೆ ಹೋಗಿದ್ದರು. ಕಿರುಬೆರಳು ನೋಡೋಣವೆಂದು ಅತ್ತೆಯ ಕೈ ಹಿಡಿದುಕೊಂಡೆ. ಅವರು ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿ, ಐದೂ ಬೆರಳು ಬಿಡಿಸಿ ಅಂಗೈಯನ್ನು ನನ್ನ ತೊಡೆಯ ಮೇಲೆ ಅಗಲವಾಗಿ ಇಟ್ಟರು.

"ಆಗ್ಲೇ ಸರಿಯಾಗೈತೆ ಕಣೆ. ನಿಮ್ ಮಾವಂಗ್ ಏಳ್ಬ್ಯಾಡ."

ಯಾಕೆಂದು ಕೇಳಿದೆ. ಅತ್ತೆ ತಲೆ ತಗ್ಗಿಸಿದರು. "ಮದ್ವೆ ಆದಾಗಿಂದ ಅವ್ರು ಕುರಿ ಇಂದಿಂದೇನೇ ಓಗಿದ್ದು. ಈಗ ದಿನಾ ಕೈ ಇಡ್ಕೊಂಡ್ ಕೂತ್ಕೋತಾರೆ. ಇದೊಂದು ಬಿಚ್ಕೊಂಡ್ರೆ ಎದ್ದ್ ಓಗ್ಬಿಡ್ತಾರೆ."

ಕೊಡ ಇಳಿಸಿದ ಸದ್ದು ಕೇಳಿತು. ಕಿರುಬೆರಳು ತನ್ನ ಜಾಗಕ್ಕೆ ಮಡಚಿಕೊಂಡಿತು. ಮಾವ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಬಂದು ಅತ್ತೆಯ ಪಕ್ಕ ಕೂತು, ಆ ಕೈಯನ್ನು ತಮ್ಮ ಎರಡೂ ಕೈಯೊಳಗೆ ತೆಗೆದುಕೊಂಡರು. ಇದೊಂದಕ್ಕೆ ಮಾತ್ರ ಪದ ಸಿಗಲಿಲ್ಲವಲ್ಲ ಎಂದು ನನ್ನ ಮುಖ ನೋಡಿದರು.

ನನಗೆ ಎಷ್ಟೋ ಪದಗಳು ನೆನಪಿಗೆ ಬಂದವು, ಒಂದನ್ನೂ ಹೇಳಲಿಲ್ಲ.

"ಕಿರುಬೆರಳು ವಸಿ ನಿಧಾನ ಮಾವ," ಎಂದೆ. "ಕೈ ಮಾತ್ರ ಬಿಡ್ಬ್ಯಾಡಿ."