ಅಂಕಿ ಏರಿದರೆ ಗುಳಿಗೆ ಇಳಿಸುವ ಕುರಿತು

ಸಂಖ್ಯೆ: ಏಇ/ಥೈ/೪೭/೧೯೭೯
ಬಿಜಾಪುರ, ದಿನಾಂಕ ೧೭-೧೨-೧೯೭೯

ವಿಷಯ: ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶವನ್ನು ಅರ್ಥ ಮಾಡಿಕೊಳ್ಳುವ ಅಧಿಕಾರ ಯಾರದು ಎಂಬ ಬಗ್ಗೆ.
ಉಲ್ಲೇಖ: ಬಬಲೇಶ್ವರದ ವೈದ್ಯ ಡಾ. ಸದಾಶಿವ ಇವರ ಏಳು ಪತ್ರಗಳು.

ನಿಡೋಣಿಯ ಮಕ್ತುಮಬಿ ಎಂಬ ರೋಗಿಯ ಥೈರಾಯ್ಡ್ ಗ್ರಂಥಿ ಕೆಲಸ ನಿಲ್ಲಿಸಿದ್ದು, ಅದರ ಕೆಲಸ ಮಾಡಲು ಆರೋಗ್ಯ ಇಲಾಖೆಯ ಉಗ್ರಾಣದಿಂದ ಆಕೆಗೆ ದಿನಕ್ಕೆರಡು ಗುಳಿಗೆ ಕೊಡಲಾಗುತ್ತಿತ್ತು. ಐದರೊಳಗಿರಬೇಕಾದ ಆಕೆಯ ಟಿ.ಎಸ್.ಎಚ್. ಅಂಕಿ ಹದಿನೆಂಟಾಗಿ ಮುಂಬಯಿಯ ಪ್ರಯೋಗಾಲಯದಿಂದ ಬಂದಿತು. ಅಂಕಿ ಏರಿದೆಯೆಂದರೆ ಗುಳಿಗೆ ಸಾಲುತ್ತಿಲ್ಲ, ಮೂರಕ್ಕೆ ಏರಿಸಿ ಎಂದು ಸದರಿ ವೈದ್ಯರು ಬರೆದರು. ಏರಿದ್ದನ್ನು ಇಳಿಸಲು ಇನ್ನೊಂದನ್ನು ಏರಿಸಬೇಕೆಂಬ ಈ ವಾದವನ್ನು ಓದಿದಾಗ ಜವಾನರೂ ನಕ್ಕಿರುವುದನ್ನು ದಾಖಲಿಸಲಾಗಿದೆ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಕೆಳಗಿನಂತೆ ತಿಳಿಯಪಡಿಸಿದೆ.

೧. ಬಿಪಿ ಇರಲಿ, ಸಕ್ಕರೆ ಇರಲಿ, ಜ್ವರ ಇರಲಿ, ಏರಿದ್ದನ್ನು ಇಳಿಸುವುದೇ ಇಲಾಖೆಯ ಪದ್ಧತಿ. ಥೈರಾಯ್ಡಿಗೆ ಬೇರೆ ಪದ್ಧತಿ ಇಲ್ಲ. ಅಂಕಿ ಏರಿದಾಗಲೆಲ್ಲ ಗುಳಿಗೆಯನ್ನು ಅರ್ಧಕ್ಕಿಳಿಸತಕ್ಕದ್ದು.

೨. ಗ್ರಂಥಿ ಸೊರಗಿದಾಗ ಮಿದುಳು ಅದನ್ನು ಎಬ್ಬಿಸಲು ಜೋರಾಗಿ ಕೂಗುತ್ತದೆ, ಆ ಕೂಗಿನ ಅಳತೆಯೇ ಟಿ.ಎಸ್.ಎಚ್. ಎಂದು ವೈದ್ಯರು ವಿವರಿಸಿದ್ದಾರೆ. ಕಚೇರಿ ಗೋಳಗುಮ್ಮಟದ ಎದುರಿಗೇ ಇರುವುದರಿಂದ ಸಿಬ್ಬಂದಿಗೆ ಕೂಗು ಹೊಸದಲ್ಲ. ವೈದ್ಯರ ಏಳು ಪತ್ರಗಳನ್ನು ಒಂದೇ ಪತ್ರದ ಪ್ರತಿಧ್ವನಿಯೆಂದು ಪರಿಗಣಿಸಿ, ಒಂದನ್ನಷ್ಟೇ ಕಡತಕ್ಕೆ ಸೇರಿಸಲಾಗಿದೆ.

೩. ಗುಳಿಗೆ ಬದಲಿಸಿದ ಮೇಲೆ ಆರು ವಾರ ಕಾದು ರಕ್ತ ತೆಗೆಯಬೇಕೆಂಬ ಅವರ ಸಲಹೆಯನ್ನು ಮಾತ್ರ ಅಂಗೀಕರಿಸಿದೆ. ಕಾಯುವುದರಲ್ಲಿ ಇಲಾಖೆಗೆ ಅನುಭವವಿದೆ.

೪. ಗುಳಿಗೆ ಒಂದಾದ ಮೇಲೆ ಅಂಕಿ ಎಪ್ಪತ್ತಾರಕ್ಕೇರಿತು. ಪದ್ಧತಿಯಂತೆ ಗುಳಿಗೆ ಅರ್ಧವಾಯಿತು. ರೋಗಿಯ ಪತಿ ಲಾಡಲೇಸಾಬ ಕಚೇರಿಗೆ ಬಂದು, "ಬಿಸಲಾಗ ಕುಂದ್ರಿಸಿದ್ರೂ ಥಂಡಿ ಅಂತಾಳ್ರಿ. ಎಬ್ಬಿಸಿದ್ರ ಕಣ್ಣ ತಗೀತಾಳ, ಮತ್ತ ಮಲಗತಾಳ. ಮದಲಿನ ಗುಳಗಿ ಕೊಡ್ರಿ ಸಾಹೇಬ್ರ" ಎಂದು ಹೇಳಿಕೆ ನೀಡಿದ್ದಾನೆ. ಸದರಿ ಹೇಳಿಕೆಯಲ್ಲಿ ಯಾವ ಅಂಕಿಯೂ ಇಲ್ಲದ ಕಾರಣ ಅದನ್ನು ಫಲಿತಾಂಶವೆಂದು ಒಪ್ಪಲಾಗದು. ಡಿಸೆಂಬರಿನಲ್ಲಿ ಥಂಡಿ ಸಹಜ, ನಿದ್ದೆ ಆರೋಗ್ಯದ ಲಕ್ಷಣ.

೫. ಕಳೆದ ವಾರ ಬಂದ ಫಲಿತಾಂಶ ನೂರಾ ಹನ್ನೆರಡು. ವಹಿಯಲ್ಲಿ ಅಂಕಿಗೆ ಎರಡೇ ಮನೆಗಳಿರುವುದರಿಂದ ಮೊದಲಿನ ಒಂದನ್ನು ಕೈಬಿಟ್ಟು ಹನ್ನೆರಡು ಎಂದು ಬರೆಯಲಾಗಿದೆ. ಎಪ್ಪತ್ತಾರರಿಂದ ಹನ್ನೆರಡಕ್ಕಿಳಿದಿರುವುದು ಇಲಾಖೆಯ ಪದ್ಧತಿಗೆ ಸಂದ ಜಯ.

೬. ಆದಕಾರಣ ರೋಗಿ ಗುಣಮುಖಳೆಂದು ಈ ಮೂಲಕ ಘೋಷಿಸಿ, ಉಳಿದ ಅರ್ಧ ಗುಳಿಗೆಯನ್ನೂ ನಿಲ್ಲಿಸಲಾಗಿದೆ. ಆಕೆ ಖುದ್ದಾಗಿ ಹಾಜರಾಗಿ ಗುಣಮುಖಳಾದ ಬಗ್ಗೆ ಹೆಬ್ಬೆಟ್ಟು ಒತ್ತತಕ್ಕದ್ದು. ಏಳಲಾಗದಿದ್ದಲ್ಲಿ ಮಸಿ ಡಬ್ಬಿಯನ್ನು ನಿಡೋಣಿಗೆ ಕಳುಹಿಸಲಾಗುವುದು. ಹೆಬ್ಬೆಟ್ಟಿಗೆ ಎಚ್ಚರವಿರಬೇಕೆಂಬ ನಿಯಮವಿಲ್ಲ.

(ಸಹಿ ಅಸ್ಪಷ್ಟ)
ಅಧೀಕ್ಷಕರು, ಏರಿಕೆ-ಇಳಿಕೆ ಶಾಖೆ

ಪ್ರತಿಗಳು:
ಮುಂಬಯಿಯ ಪ್ರಯೋಗಾಲಯಕ್ಕೆ: ಇನ್ನು ಮುಂದೆ ಎರಡಂಕಿ ಮೀರದಂತೆ ಫಲಿತಾಂಶ ಕಳುಹಿಸಲು.
ಡಾ. ಸದಾಶಿವ, ಬಬಲೇಶ್ವರ, ಇವರಿಗೆ: ಎಂಟನೆಯ ಪತ್ರ ಬರೆಯದಿರಲು.
ಲಾಡಲೇಸಾಬ, ನಿಡೋಣಿ, ಇವನಿಗೆ: ಪತ್ನಿಗೆ ಓದಿ ಹೇಳಲು. ಆಕೆ ಕೇಳಿಸಿಕೊಳ್ಳದಿದ್ದಲ್ಲಿ ಏಳು ಸಲ ಓದಲು.