ನೇರಳೆ ಕೋಟಿನ ಡಾನ್

"ನಾಳೆಯಿಂದ ಈ ಬಾಯಲ್ಲಿ 'ಕ್ಷಮಿಸಿ' ಅನ್ನೋ ಮಾತು ಬರಲ್ಲ! ಬರೆದಿಟ್ಕೋ!"

ಭಾನುವಾರ ಸಂಜೆ ಟೀವಿಯ ಮುಂದೆ ಎದ್ದು ನಿಂತು, ಒಂದು ಕೈಯನ್ನು ಪೈಜಾಮದ ಜೇಬಿಗೆ ಇಳಿಬಿಟ್ಟು ಅವನು ಭೀಷ್ಮಪ್ರತಿಜ್ಞೆ ಮಾಡಿದ. ಪರದೆಯ ಮೇಲೆ ಆಗಷ್ಟೇ ಭೂಗತ ದೊರೆಯೊಬ್ಬನ ಸಿನಿಮಾ ಮುಗಿದಿತ್ತು. ಹದಿನಾಲ್ಕನೆಯ ಸಲ ಮುಗಿದಿತ್ತು. ಸೋಫಾದ ಮೇಲೆ ಕಾಲು ಮಡಚಿ ಕೂತು ಸಂದರ್ಶನಕ್ಕೆ ಓದಿಕೊಳ್ಳುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳಿದಳು:

"ರೀ, ಸ್ವಲ್ಪ ಸರೀರಿ. ಬೆಳಕಿಗೆ ಅಡ್ಡ ನಿಂತಿದ್ದೀರ."

"ಓ, ಸಾರಿ ಕಣೇ."

ಪ್ರತಿಜ್ಞೆಯ ಆಯುಸ್ಸು ಹನ್ನೊಂದು ಸೆಕೆಂಡು!

"ನಾಳೆಯಿಂದ ಅಂದಿದ್ದೀನಿ. ಇವತ್ತಿಂದು ಲೆಕ್ಕಕ್ಕಿಲ್ಲ" ಎಂದು ಅವನು ಕಾನೂನಿನ ಆಸರೆ ಪಡೆದ.

ಅವನನ್ನು ದೂರುವಂತಿಲ್ಲ. ಬಟ್ಟೆ ಒಗೆಯುವ ಯಂತ್ರಗಳ ಕಂಪನಿಯೊಂದರ ದೂರು ವಿಭಾಗದಲ್ಲಿ, ಕಿವಿಗೊಂದು ಫೋನು ಸಿಕ್ಕಿಸಿಕೊಂಡು, ಅವನು ದಿನಕ್ಕೆ ತೊಂಬತ್ತು ಸಲ ಕ್ಷಮೆ ಕೇಳುತ್ತಿದ್ದ. ಯಾರದೋ ಯಂತ್ರ ಯಾರದೋ ಅಡುಗೆಮನೆಯಲ್ಲಿ ನೀರು ಕಾರಿದರೆ ಬೈಗುಳ ಇವನಿಗೆ. "ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ" ಎಂದು ಉಪ್ಪುಖಾರವಿಲ್ಲದ ದನಿಯಲ್ಲಿ ಒಪ್ಪಿಸಬೇಕು. ಹಾಗೆ ಎಂಟು ತಾಸು ಬೆನ್ನು ಬಾಗಿಸಿ ಮನೆಗೆ ಬಂದವನಿಗೆ ಪರದೆಯ ಮೇಲಿನ ಡಾನ್ ದೇವರಂತೆ ಕಂಡರೆ ಆಶ್ಚರ್ಯವೇನು? ಡಾನ್ ಕೂಗುವುದಿಲ್ಲ. ವಿವರಿಸುವುದಿಲ್ಲ. ಕುರ್ಚಿಯಲ್ಲಿ ಒರಗಿ, ಎರಡೇ ಮಾತು, ಅದೂ ಪಿಸುದನಿಯಲ್ಲಿ. ಊರಿಗೆ ಊರೇ ಓಡಾಡುತ್ತದೆ! ಸಿನಿಮಾದ ಕೊನೆಗೆ ಆ ಡಾನ್ ಗುಂಡೇಟು ತಿಂದು ಮೆಟ್ಟಿಲ ಮೇಲೆ ಉರುಳುತ್ತಾನಲ್ಲ ಎಂದು ಹೆಂಡತಿ ಒಮ್ಮೆ ನೆನಪಿಸಿದ್ದಳು. "ಉರುಳಿದ್ರೇನು? ಯಾರಿಗೂ ಸಾರಿ ಕೇಳಿ ಉರುಳಲಿಲ್ಲ" ಎಂದು ಇವನು ವಾದಿಸಿದ್ದ.

ಸದ್ಯಕ್ಕೆ ಓಡಾಡಿಸಬೇಕಾಗಿದ್ದದ್ದು ಊರನ್ನಲ್ಲ, ಒಬ್ಬ ದರ್ಜಿಯನ್ನು.

ಹೆಂಡತಿ ಕೆಲಸ ಮಾಡುತ್ತಿದ್ದ ಪ್ರಯೋಗಾಲಯ ಮುಚ್ಚಿ ಎರಡು ವರ್ಷವಾಗಿತ್ತು. ಹಾಕಿದ ಅರ್ಜಿಗಳಿಗೆಲ್ಲ ಮೌನವೇ ಉತ್ತರ. ಈಗ ಒಂದು ಕಡೆಯಿಂದ ಕರೆ ಬಂದಿತ್ತು: ಗುರುವಾರ ಹನ್ನೊಂದು ಗಂಟೆಗೆ ಸಂದರ್ಶನ. ತೊಟ್ಟುಕೊಂಡು ಹೋಗಲು ಮರ್ಯಾದಸ್ಥವಾಗಿದ್ದದ್ದು ಅಕ್ಕ ಕೊಟ್ಟ ನೇರಳೆ ಬಣ್ಣದ ಕೋಟು ಒಂದೇ. ಅದೋ ಭುಜದಿಂದ ಜಾರಿ ಮೊಣಕೈಯನ್ನು ಮಾತನಾಡಿಸುತ್ತಿತ್ತು. ಸರಿಮಾಡಲೆಂದು ಬೀದಿ ಮೂಲೆಯ ಟೈಲರ್ ತಾತನಿಗೆ ಕೊಟ್ಟು ಮೂರು ವಾರ. ತಾತನ ಪದ್ಧತಿಯೇ ಹಾಗೆ. ಬಟ್ಟೆ ಕೈಗೆ ಬಂದ ದಿನವೇ ಹೊಲಿಗೆಯೆಲ್ಲ ಬಿಚ್ಚಿ, ತೋಳು ಬೇರೆ, ಬೆನ್ನು ಬೇರೆ, ಕಾಲರ್ ಬೇರೆ ಮಾಡಿ, ಒಂದೊಂದಕ್ಕೂ ಚೀಟಿ ಚುಚ್ಚಿ ಇಟ್ಟುಬಿಡುತ್ತಿದ್ದ. ಗಿರಾಕಿ ಸಿಟ್ಟಾಗಿ ವಾಪಸ್ ಒಯ್ಯುವ ಹಾಗೂ ಇಲ್ಲ! ಹೋಗಿ ಕೇಳಿದಾಗಲೆಲ್ಲ ಒಂದೇ ಮುಗುಳ್ನಗೆ: "ನಾಳೆ ಬಾಪ್ಪಾ."

"ನೀವೊಂದು ಮಾತು ಗಟ್ಟಿಯಾಗಿ ಕೇಳಿ ಬನ್ನಿ" ಎಂದಳು ಹೆಂಡತಿ.

"ಗಟ್ಟಿಯಾಗಿ ಯಾಕೆ? ಮೆತ್ತಗೆ ಕೇಳ್ತೀನಿ. ನೋಡ್ತಾ ಇರು!"

ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಸಹೋದ್ಯೋಗಿಯೊಬ್ಬನ ಕಪ್ಪು ಜಾಕೆಟ್ಟು ಎರವಲು ಪಡೆದು, ಕಪ್ಪು ಕನ್ನಡಕ ಏರಿಸಿ, ಟೋಪಿ ಹಣೆಯವರೆಗೆ ಎಳೆದುಕೊಂಡು ಅವನು ಅಂಗಡಿಯ ಬಾಗಿಲಲ್ಲಿ ನಿಂತ. ತಾತ ಸೂಜಿಗೆ ದಾರ ಪೋಣಿಸುತ್ತಿದ್ದ. ಇವನು ಅವಸರ ಮಾಡಲಿಲ್ಲ. ಬಟನ್ನುಗಳ ಡಬ್ಬಿಯ ಮೇಲೆ ಬೆರಳಾಡಿಸಿದ. ಆಮೇಲೆ ಹೊಟ್ಟೆಯ ತಳದಿಂದ ದನಿ ಎತ್ತಿ, ಅಲ್ಲ, ದನಿ ಇಳಿಸಿ, ನುಡಿದ:

"ಅಂಗಡಿ ಚೆನ್ನಾಗಿದೆ. ಹೀಗೇ ಇರಲಿ ಅಂತ ನನ್ನಾಸೆ."

ತಾತನ ಕೈಯ ದಾರ ನಿಂತಿತು. "ಯಾರು ನೀವು? ಏನಾಗ್ಬೇಕಿತ್ತು?"

"ಬುಧವಾರದೊಳಗೆ ಕೆಲಸ ಮುಗೀಬೇಕು."

"ಯಾವ ಕೆಲಸ ಸ್ವಾಮಿ?"

ಇಲ್ಲಿಯೇ ಎಡವಟ್ಟಾದದ್ದು. ನೇರಳೆ ಕೋಟು ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಯಾವ ಡಾನ್ ತಾನೇ ಬಾಯಿಬಿಟ್ಟು "ನನ್ನ ಹೆಂಡತಿಯ ಕೋಟಿನ ಭುಜ ಒಂದಿಂಚು ಒಳಗೆ ಹಿಡಿಯಿರಿ" ಎನ್ನುತ್ತಾನೆ? ಡಾನ್ ವಿವರಿಸುವುದಿಲ್ಲ!

"ನಿಮಗೆ ಗೊತ್ತು" ಎಂದು ಹೇಳಿ ಅವನು ತಿರುಗಿ ನಡೆದ. ಹಿಂದೆ ಸೂಜಿ ಬಿದ್ದ ಸದ್ದೂ ಕೇಳಿತೆಂದು ಅವನ ವಾದ.

ಮಂಗಳವಾರ ಸಂಜೆ ಗೆದ್ದ ಹೆಜ್ಜೆಯಲ್ಲಿ ಬಂದು ನೋಡುತ್ತಾನೆ: ಅಂಗಡಿಯ ಬಾಗಿಲು ನೆಲದವರೆಗೆ ಇಳಿದಿದೆ! ಎರಡು ಬೀಗ. ಮೇಲೊಂದು ಚೀಟಿ: "ಅನಾರೋಗ್ಯದ ಕಾರಣ ಅಂಗಡಿ ತೆರೆಯುವುದಿಲ್ಲ." ಯಾವಾಗ ತೆರೆಯುತ್ತದೆ ಎಂಬ ಸುದ್ದಿಯೇ ಇಲ್ಲ.

ಪಕ್ಕದ ಕ್ಷೌರಿಕ ಕತ್ತರಿ ಆಡಿಸುತ್ತಲೇ ವರದಿ ಒಪ್ಪಿಸಿದ. "ಅನಾರೋಗ್ಯ ಎಲ್ಲಿಂದ ಬಂತು ಸಾರ್! ಯಾರೋ ರೌಡಿ ಕಾಟ. ಹಾಡಹಗಲೇ ಬಂದು ಅಂಗಡಿ ಸುಡ್ತೀನಿ ಅಂದ್ರಂತೆ. ಪಾಪ, ತಾತ ಮಗಳ ಮನೆ ಸೇರ್ಕೊಂಡ್ರು. ಇಂಥವರನ್ನ ಹಿಡಿದು ತಲೆ ಬೋಳಿಸಬೇಕು. ನಂಗೆ ಬಿಡಲಿ, ನಾನೇ ಬೋಳಿಸ್ತೀನಿ!"

ಇವನ ಕೈ ತಾನಾಗಿಯೇ ತಲೆಯ ಮೇಲೆ ಹೋಯಿತು. ಸುಡ್ತೀನಿ ಅಂತ ಎಲ್ಲಿ ಅಂದಿದ್ದೆ? ಚೆನ್ನಾಗಿರಲಿ ಅಂತ ಹಾರೈಸಿದ್ದೆನಲ್ಲ!

ಮನೆಯಲ್ಲಿ ಹೆಂಡತಿ ಕೇಳಿದಳು: "ಕೋಟು ಎಲ್ರೀ?"

"ನಾಳೆ" ಎಂದ. ಆ ಪದ ತನ್ನ ಬಾಯಲ್ಲೂ ಎಷ್ಟು ಸಲೀಸಾಗಿ ಬರುತ್ತದೆಂದು ಅವನಿಗೇ ನಾಚಿಕೆಯಾಯಿತು. ಅವಳು ನಂಬಿ, ಕನ್ನಡಿಯ ಮುಂದೆ ನಿಂತು, ಇಲ್ಲದ ಕೋಟಿನ ಕಾಲರ್ ಸರಿಮಾಡಿಕೊಂಡು, "ನಮಸ್ಕಾರ, ಒಳಗೆ ಬರಬಹುದಾ?" ಎಂದು ಅಭ್ಯಾಸ ಮಾಡತೊಡಗಿದಳು. ನೋಡಲಾರದೆ ಅವನು ಬಚ್ಚಲುಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತ.

ಬುಧವಾರ ರಜೆ ಹಾಕಿ, ಕ್ಷೌರಿಕನಿಂದ ವಿಳಾಸ ಪಡೆದು, ಮಗಳ ಮನೆಯ ನಾಲ್ಕು ಮಹಡಿ ಹತ್ತಿದ. ಬಾಗಿಲು ಸರಪಳಿಯಷ್ಟೇ ತೆರೆಯಿತು. ಒಳಗಿನಿಂದ ತಾತನ ಅಳಿಯನ ಒಂದು ಕಣ್ಣು, ಅದರ ಕೆಳಗೆ ಲಟ್ಟಣಿಗೆಯ ತುದಿ.

"ಯಾರು?"

"ಗಿರಾಕಿ. ತಾತನ ಹತ್ರ ಒಂದು ಮಾತು..."

ತಾತ ಬಂದ. ಹತ್ತಿರ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದ. "ಅಯ್ಯೋ, ನೀನಾ! ಬಾಪ್ಪಾ. ಸೂಜಿ ಕೆಲಸದ ಕನ್ನಡಕ ಹಾಕ್ಕೊಂಡ್ರೆ ಕೈಯಳತೆ ಆಚೆ ಇರೋದೆಲ್ಲ ನಂಗೆ ಮಂಜು. ಅವತ್ತೂ ಹಾಗೇ ಆಯ್ತು ನೋಡು, ಬಂದವರ ಮುಖವೇ ಕಾಣಲಿಲ್ಲ. ಬರೀ ಕಪ್ಪಗೆ. ಆ ದನಿ ಮಾತ್ರ... ಅಬ್ಬಬ್ಬಾ, ಬಾವಿಯೊಳಗಿಂದ ಬಂದ ಹಾಗಿತ್ತು!"

ತಾತ ಗುರುತು ಹಿಡಿದಿರಲೇ ಇಲ್ಲ! ಇವನು ಮೆಟ್ಟಿಲುದ್ದಕ್ಕೂ ಕಟ್ಟಿಕೊಂಡು ಬಂದ ಕ್ಷಮಾಪಣೆ ನಾಲಿಗೆಯ ತುದಿಯವರೆಗೆ ಬಂದು, ಅಲ್ಲೇ ಹಿಂದೆ ತಿರುಗಿತು. ಒಂದು ಕ್ಷಣ, ಹೇಳುವುದಕ್ಕೂ ನಾಚಿಕೆ, ಆ ಬಾವಿಯ ದನಿಯ ಹೊಗಳಿಕೆ ಅವನಿಗೆ ಸಿಹಿಯಾಗಿಯೂ ಇತ್ತು. ಬಾಯಿಂದ ಹೊರಟದ್ದು ಬೇರೆಯೇ:

"ಹೆದರಬೇಡಿ ತಾತ. ನಾನಿದ್ದೀನಲ್ಲ! ಅಂಗಡಿ ಬಾಗಿಲಲ್ಲಿ ನಾನು ಕೂರ್ತೀನಿ. ಯಾವನು ಬರ್ತಾನೋ ನೋಡೋಣ."

ಈ ಒಂದು ಭರವಸೆಯನ್ನು ಮಾತ್ರ ಅವನು ನೂರಕ್ಕೆ ನೂರು ನಿಭಾಯಿಸಬಲ್ಲವನಾಗಿದ್ದ. ರೌಡಿ ಬರುವ ಹಾಗೇ ಇರಲಿಲ್ಲ!

ತಾತನ ಕಣ್ಣು ತುಂಬಿತು. ಮಗಳು ಇವನಿಗೆ ದೊಡ್ಡ ಲೋಟದ ತುಂಬ ಹಾಲು ಕೊಟ್ಟಳು. "ಅಣ್ಣ, ನಿಮ್ಮಂಥವರು ಇರೋದಕ್ಕೇ ಅಪ್ಪ ಅಲ್ಲಿ ಅಂಗಡಿ ಇಟ್ಕೊಂಡಿದ್ದಾರೆ" ಎಂದಳು. ಅವನು ಯಾರ ಮುಖವನ್ನೂ ನೋಡದೆ ಹಾಲು ಕುಡಿದು ಮುಗಿಸಿದ.

ಮಧ್ಯಾಹ್ನ ಅಂಗಡಿ ತೆರೆಯಿತು. ತಾತ ಕೋಟಿನ ತುಂಡುಗಳನ್ನು ಹರವಿ ಕೂತ. ಇವನು ಬಾಗಿಲಲ್ಲಿ ಸ್ಟೂಲು ಹಾಕಿ ಎದೆ ಸೆಟೆಸಿ ಕೂತ. ಅರ್ಧ ಗಂಟೆ ಕಳೆದಿತ್ತೋ ಇಲ್ಲವೋ, ತಾತ ಕರೆದ:

"ಬಾಪ್ಪಾ ಇಲ್ಲಿ. ಭುಜ ಕೂರಿಸೋಕೆ ಒಂದು ಮೈ ಬೇಕು. ನಂಗೆ ಕಣ್ಣಳತೆ ತಪ್ಪಲ್ಲ. ನಿನ್ನ ಭುಜಾನೂ ನಿನ್ನ ಹೆಂಡ್ತಿ ಭುಜಾನೂ ಒಂದೇ ಅಳತೆ."

"ತಾತ, ಅವಳದು ಹೆಣ್ಣುಮಕ್ಕಳ..."

"ಅದಕ್ಕೇ ಹೇಳಿದ್ದು."

ಹೀಗೆ ಭೂಗತ ಲೋಕದ ಅಧಿಪತಿ ಗಾಜಿನ ಕಿಟಕಿಯ ಹಿಂದೆ, ಎರಡು ಕೈ ಚಾಚಿ, ನೇರಳೆ ಬಣ್ಣದ ಹೆಂಗಸರ ಕೋಟಿನೊಳಗೆ ಗುಂಡುಸೂಜಿ ಚುಚ್ಚಿಸಿಕೊಳ್ಳುತ್ತ ಎರಡೂವರೆ ತಾಸು ನಿಂತ. ಶಾಲೆ ಬಿಟ್ಟ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಿದರು. ಕ್ಷೌರಿಕ ಅರ್ಧ ಮುಖಕ್ಕೆ ಸೋಪು ಹಚ್ಚಿದ್ದ ಗಿರಾಕಿಯನ್ನೂ ಕರೆತಂದು ತೋರಿಸಿದ. ಅಷ್ಟಾದರೂ ಒಳಗಿನ ಚುಚ್ಚು ಹೊರಗಿನದಕ್ಕಿಂತ ಜೋರಾಗಿತ್ತು. ಬೀದಿಯಲ್ಲಿ ಯಾವುದಾದರೂ ಬೈಕು ಸದ್ದು ಮಾಡಿದರೆ ಸಾಕು, ತಾತ ಸೂಜಿ ಬಿಟ್ಟು ಇವನ ತೋಳು ಹಿಡಿದುಕೊಳ್ಳುತ್ತಿದ್ದ. ಯಾರಿಗೆ ಹೆದರಿದ್ದನೋ ಅವನನ್ನೇ!

ಗುರುವಾರ ಎಂಟೂವರೆಗೆ ಹೆಂಡತಿಯೂ ಅವನೂ ಅಂಗಡಿಗೆ ಬಂದರು. ಕೋಟು ಅಚ್ಚು ಹಾಕಿದ ಹಾಗೆ ಕೂತಿತ್ತು. ಅವಳ ಮುಖದಲ್ಲಿ ಎರಡು ವರ್ಷದಿಂದ ಕಾಣದಿದ್ದ ಕಳೆ. ತಾತ ತಡೆಯಲಾರದೆ ಹೇಳಿಯೇ ಬಿಟ್ಟ:

"ನಿನ್ನ ಗಂಡ ಹುಲಿ ಕಣಮ್ಮ! ರೌಡಿ ಬಂದ್ರೆ ಬರಲಿ ಅಂತ ಬಾಗಿಲಲ್ಲೇ ಕೂತಿದ್ದ."

"ಯಾವ ರೌಡಿ ತಾತ? ಏನಂದ ಅವನು?"

"ಕೂಗಾಡಿದ್ರೆ ಸಹಿಸ್ಬಹುದಿತ್ತು ತಾಯಿ. ಮೆತ್ತಗೆ ಹೇಳಿದ. ಅಂಗಡಿ ಚೆನ್ನಾಗಿದೆ, ಹೀಗೇ ಇರಲಿ ಅಂತ ನನ್ನಾಸೆ, ಅಂತ."

ಹೆಂಡತಿಯ ಕೈ ಗುಂಡಿಯ ಮೇಲೆಯೇ ನಿಂತಿತು. ಸಿನಿಮಾದ ಡಾನ್ ಆಡುವ ಆ ಮಾತನ್ನು ಅವಳು ಗಂಡನ ಬಾಯಲ್ಲಿ ಹಲ್ಲುಜ್ಜುವಾಗ ಕೇಳಿದ್ದಳು, ಊಟಕ್ಕೆ ಕೂತಾಗ ಕೇಳಿದ್ದಳು, ಒಮ್ಮೆ ಪಲ್ಯ ಹಿಡಿಸಿದಾಗಲೂ ಕೇಳಿದ್ದಳು. ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು. ಅವನು ಬಟನ್ನುಗಳ ಡಬ್ಬಿಯನ್ನು ಅತ್ಯಂತ ಆಸಕ್ತಿಯಿಂದ ನೋಡುತ್ತಿದ್ದ.

ಹೊರಗೆ ಬಂದವಳೇ ಕೋಟು ಕಳಚಿ ತೋಳ ಮೇಲೆ ಹಾಕಿಕೊಂಡಳು.

"ಒಳಗೆ ಹೋಗಿ ಹೇಳಿ ಬನ್ನಿ. ಹೇಳೋವರೆಗೂ ನಾನಿದನ್ನ ಹಾಕ್ಕೊಳಲ್ಲ."

"ಸಂದರ್ಶನಕ್ಕೆ ಹೊತ್ತಾಗುತ್ತೆ ಕಣೇ! ಸಂಜೆ ಹೇಳ್ತೀನಿ."

"ಆ ಮುದುಕರು ನಡುಗ್ತಾ ಹೊಲಿದ ಕೋಟು ಹಾಕ್ಕೊಂಡು ನಾನು ಯಾರ ಮುಂದೆ ಕೂತು ಪ್ರಾಮಾಣಿಕತೆ ಬಗ್ಗೆ ಮಾತಾಡ್ಲಿ? ಒಂಬತ್ತಾಯ್ತು. ಬಸ್ಸು ಒಂಬತ್ತೂಕಾಲಿಗೆ. ನಿಮ್ಮಿಷ್ಟ."

ಅವನು ಒಳಗೆ ಹೋದ. ಬಾಯಿ ತೆರೆದ. ವೃತ್ತಿಯ ಅಭ್ಯಾಸ ಮುಂದೆ ನುಗ್ಗಿತು:

"ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ."

"ಯಾರಪ್ಪ ವಿಷಾದಿಸೋದು?"

"ನಾನು ತಾತ. ಆ ರೌಡಿ... ನಾನೇ."

ತಾತ ಹೊಟ್ಟೆ ಹಿಡಿದು ನಕ್ಕ. "ನೀನಾ! ಹೋಗಪ್ಪ, ಬೆಳಬೆಳಗ್ಗೆ ತಮಾಷೆ."

ತಪ್ಪು ಒಪ್ಪಿಕೊಂಡರೂ ನಂಬುವವರಿಲ್ಲ! ಬೇರೆ ದಾರಿ ಕಾಣದೆ ಅವನು ಹೊಟ್ಟೆಯ ತಳಕ್ಕೆ ದನಿ ಇಳಿಸಿ, ತಲೆ ತಗ್ಗಿಸಿಕೊಂಡೇ, ಆ ಮಾತನ್ನು ಮತ್ತೊಮ್ಮೆ ಹೇಳಿದ.

ತಾತನ ನಗು ನಿಂತಿತು. ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿದ.

"ಎರಡು ದಿನ ಕಣ್ಣು ಮುಚ್ಚಿಲ್ಲ ಕಣಪ್ಪ ನಾನು."

"ತಪ್ಪಾಯ್ತು ತಾತ. ಕೋಟು ಬೇಗ ಆಗ್ಲಿ ಅಂತ... ಎರಡೇಟು ಹೊಡೀರಿ."

ತಾತ ಹೊಡೆಯಲಿಲ್ಲ. ಎದ್ದು ಬಾಗಿಲವರೆಗೆ ಹೋಗಿ, ಕ್ಷೌರಿಕನ ಕಡೆ ಇಣುಕಿ, ಹಿಂದಿರುಗಿ ಬಂದು ಇವನ ಕಿವಿಯಲ್ಲಿ ಕೇಳಿದ:

"ಇದನ್ನ ಇನ್ಯಾರಿಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ. ಹೆಂಡತಿಗೆ ಗೊತ್ತು ಅಷ್ಟೇ."

"ಅಲ್ಲಿಗೇ ನಿಲ್ಲಿಸು. ಮಗಳ ಮನೇಲಿ ನಾನು ಮೂರು ಜನ ಬಂದಿದ್ರು ಅಂದಿದ್ದೀನಿ. ಒಬ್ಬೊಬ್ಬರೂ ಬಾಗಿಲಷ್ಟು ಎತ್ತರ. ನಾನು ಕತ್ತರಿ ಹಿಡಿದು ನಿಂತೆ ಅಂತಲೂ ಅಂದೆ. ಹತ್ತು ವರ್ಷದಲ್ಲಿ ಮೊದಲನೇ ಸಲ ನನ್ನ ಅಳಿಯ ಟೀವಿ ಆರಿಸಿ ನನ್ನ ಮಾತು ಕೇಳಿದ ಕಣೋ! ಈಗ ಹೋಗಿ, ಬಂದಿದ್ದು ಒಬ್ಬ, ಅವನೂ ಹೆಂಡ್ತಿ ಕೋಟಿನ ಭುಜ ಹಿಡಿಸೋಕೆ ಬಂದವನು ಅಂದ್ರೆ ನನ್ನ ಮಾನ ಉಳಿಯುತ್ತಾ? ಹೋಗು, ಬಸ್ಸು ತಪ್ಪುತ್ತೆ."

ಹೊರಗೆ ಹೆಂಡತಿ ಕಾಯುತ್ತಿದ್ದಳು. ಬಸ್ಸು ತಿರುವಿನಲ್ಲಿ ಕಾಣಿಸಿತು.

"ಹೇಳಿದ್ರಾ?"

"ಹೇಳ್ದೆ."

ಅವಳು ಅವನ ಮುಖವನ್ನೊಮ್ಮೆ ನೋಡಿ ನಂಬಿದಳು. ಕೋಟಿನೊಳಗೆ ಒಂದು ತೋಳು ತೂರಿಸಿದಳು, ಇನ್ನೊಂದು ತೋಳು ತೂರಿಸಿದಳು.

"ಏನಂದ್ರು?"

"ನಾನೊಬ್ಬ ಸಾಲಲ್ಲವಂತೆ" ಎಂದ ಅವನು, ಅವಳ ಕಾಲರ್ ಸರಿಮಾಡುತ್ತ. "ಇನ್ನೂ ಇಬ್ಬರು ಬೇಕಂತೆ."