ಆರು ತಿಂಗಳ ಹನುಮಕ್ಕ

ಪುಕ್ಕಟೆ ಸಿಗುವ ವಸ್ತು ಕಂಡರೆ ನನ್ನ ಕೈ ತಾನಾಗಿಯೇ ಮುಂದೆ ಚಾಚುತ್ತದೆ. ಇದು ಹುಟ್ಟುಗುಣ, ಸುಟ್ಟರೂ ಹೋಗದು. ಬಟ್ಟೆ ಅಂಗಡಿಯ ಕ್ಯಾಲೆಂಡರು, ಗೊಬ್ಬರದ ಅಂಗಡಿಯ ಟೋಪಿ, ಯಾವುದೋ ಮದುವೆಯಲ್ಲಿ ಹಂಚಿದ ಕೀಲಿಗೊಂಚಲು, ಇವೆಲ್ಲ ನಮ್ಮ ಮನೆಯಲ್ಲಿ ಬೇಕಾದಷ್ಟಿವೆ. ಒಮ್ಮೆ ಉಚಿತ ಕಣ್ಣಿನ ಶಿಬಿರಕ್ಕೆ ಹೋಗಿ, ಕಣ್ಣು ಚೆನ್ನಾಗಿದೆ ಎಂದು ವೈದ್ಯರು ಹೇಳಿದಾಗ, ಒಂದು ಕನ್ನಡಕ ಕೈತಪ್ಪಿತಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡು ಬಂದವನು ನಾನು. ಇಷ್ಟು ಒಪ್ಪಿಕೊಂಡ ಮೇಲೆ ಹನುಮಕ್ಕ ನಮ್ಮ ಗಿರಣಿಗೆ ಹೇಗೆ ಬಂದಳೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ.

ಕೊಟ್ಟೂರಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅಪ್ಪ ನಿಂತು ನಡೆಸಿದ್ದು, ನಾನು ಕೂತು ನಡೆಸುತ್ತಿರುವುದು. ಒಂದು ದಿನ ತಾಲ್ಲೂಕು ಕಚೇರಿಯ ಕಡೆಯಿಂದ ಒಬ್ಬ ಮೇಡಂ ಬಂದು ಯೋಜನೆಯೊಂದನ್ನು ವಿವರಿಸಿದರು. ವಿಧವಾ ವೇತನ, ಅಂಗವಿಕಲರ ವೇತನ ಇಂಥವನ್ನು ನಂಬಿ ಬದುಕುತ್ತಿರುವವರಿಗೆ ಊರಿನ ಅಂಗಡಿ, ಗಿರಣಿಗಳಲ್ಲಿ ಆರು ತಿಂಗಳು ಕೆಲಸ ಕೊಡಿಸುತ್ತಾರಂತೆ; ಆ ಆರು ತಿಂಗಳ ಸಂಬಳ ಸರ್ಕಾರದ್ದಂತೆ; ಮಾಲೀಕ ಕೆಲಸ ಕಲಿಸಬೇಕಂತೆ; ಆಮೇಲೆ ಮನಸ್ಸಿಗೆ ಬಂದರೆ ಕಾಯಂ ಮಾಡಿಕೊಳ್ಳಬಹುದಂತೆ. ಮೇಡಂ ಅರ್ಧ ತಾಸು ಮಾತಾಡಿದರು. ನನ್ನ ಕಿವಿಗೆ ಬಿದ್ದದ್ದು ‘ಸಂಬಳ ಸರ್ಕಾರದ್ದು’ ಎಂಬುದೊಂದೇ. ಆರು ತಿಂಗಳಾದ ಮೇಲೆ ಒಬ್ಬರನ್ನು ಕಳಿಸಿ ಮತ್ತೊಬ್ಬರನ್ನು ಕೇಳಿದರಾಯಿತು, ಕ್ಯಾಲೆಂಡರು ಬದಲಾಯಿಸಿದ ಹಾಗೆ, ಎಂದು ಅಲ್ಲೇ ಲೆಕ್ಕ ಹಾಕಿಬಿಟ್ಟೆ.

ಮರುವಾರವೇ ಹನುಮಕ್ಕ ಬಂದಳು. ಉಜ್ಜಿನಿ ರಸ್ತೆಯ ಹಳ್ಳಿಯೊಂದರವಳು, ನಲವತ್ತರ ಆಸುಪಾಸು, ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಬೇಸಿಗೆ ಬಂದರೆ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು, ಕೂಲಿಗೆಂದು ಕಾಣದ ಊರಿಗೆ ಗಂಟುಮೂಟೆ ಕಟ್ಟುತ್ತಿದ್ದಳಂತೆ. ಈಗ ಮಗಳು ಕೊಟ್ಟೂರಿನಲ್ಲೇ ಪಿಯುಸಿ ಸೇರಿದ್ದಳು. ಬಂದ ದಿನವೇ ಹನುಮಕ್ಕ ನನ್ನನ್ನು ನೇರವಾಗಿ ಕೇಳಿದಳು:

“ಮಗಳ ಓದು ಮುಗಿಯೋಮಟ ನಾ ಊರು ಬಿಡಬಾರ್ದು ಅಂತ ಮಾಡೀನ್ರಿ ಸಾವ್ಕಾರ್ರ. ಈ ಕೆಲಸ ಗಟ್ಟಿ ಆಕ್ಕತೇನ್ರಿ?”

“ನೋಡೂಣಂತ” ಎಂದೆ. ಕೊಡುವ ಮನಸ್ಸಿಲ್ಲದವರು ನಮ್ಮ ಕಡೆ ಹೀಗೆಯೇ ಹೇಳುವುದು. ಅದು ಅವಳಿಗೂ ಗೊತ್ತಿತ್ತು.

ಕಲಿಸಿದ್ದನ್ನೆಲ್ಲ ಬರೆದಿಡಲು ಮೇಡಂ ನನಗೊಂದು ಪುಸ್ತಕ ಕೊಟ್ಟಿದ್ದರು. ಮೊದಲ ದಿನ ‘ಸ್ವಿಚ್ ಹಾಕುವುದು’ ಎಂದು ಬರೆದೆ. ಎರಡನೇ ದಿನ ‘ಸ್ವಿಚ್ ತೆಗೆಯುವುದು’ ಎಂದು ಬರೆದೆ. ಮೂರನೇ ದಿನ ಬರೆಯಲು ನನ್ನ ಬಳಿ ವಿದ್ಯೆ ಉಳಿದಿರಲಿಲ್ಲ. ಅಷ್ಟರಲ್ಲಿ ಹನುಮಕ್ಕ ಬೀಸುವ ಕಲ್ಲಿನಿಂದ ಬೀಳುತ್ತಿದ್ದ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ತರಿಯಾಗುತ್ತಿದೆ, ಕಲ್ಲು ತುಸು ಬಿಗಿ ಮಾಡಿ ಎಂದಳು. ಮಾಡಿದೆ. ರಾಗಿ ಬೀಸಿದ ಮೇಲೆ ಜೋಳ ಹಾಕಿದರೆ ರೊಟ್ಟಿ ಕಪ್ಪಾಗುತ್ತದೆ, ಬೆಳಿಗ್ಗೆ ಗೋದಿ, ಆಮೇಲೆ ಜೋಳ, ಕಡೆಗೆ ರಾಗಿ ಎಂದು ಸಾಲು ಹಚ್ಚಿದಳು. ನಾನು ಪುಸ್ತಕದಲ್ಲಿ ‘ಕಲಿಯಲಾಯಿತು’ ಎಂದು ಬರೆದೆ. ಕಲಿತವರು ಯಾರೆಂದು ಬರೆಯುವ ಕಾಲಂ ಅದರಲ್ಲಿರಲಿಲ್ಲ.

ನನ್ನ ನಿಜವಾದ ತಲೆನೋವು ಚೀಟಿಯದು. ಬಂದ ಚೀಲಕ್ಕೆ ಹೆಸರಿನ ಚೀಟಿ ಸಿಕ್ಕಿಸುವುದು ಅಪ್ಪನ ಕಾಲದ ಪದ್ಧತಿ. ಆದರೆ ನಮ್ಮೂರಲ್ಲಿ ಊರ ಗುರುವಿನ ಹೆಸರಿಡದ ಮನೆಯೇ ಇಲ್ಲ. ಮನೆಗೊಬ್ಬ ಕೊಟ್ರೇಶ, ಅವನ ಪಕ್ಕಕ್ಕೊಬ್ಬಳು ಕೊಟ್ರಮ್ಮ. ನಾನೂ ಕೊಟ್ರೇಶನೇ. ಸಂತೆಯ ದಿನವಂತೂ ಹಳ್ಳಿಯ ಹೆಂಗಸರು ಚೀಲ ಇಟ್ಟು ಸಂತೆಗೆ ಹೋಗಿ, ಬಸ್ಸಿನ ಹೊತ್ತಿಗೆ ಬಂದು ಹಿಟ್ಟು ಒಯ್ಯುತ್ತಾರೆ. ಚೀಲಗಳೆಲ್ಲ ಒಂದೇ ತೆರನ ಬಿಳಿ ಪ್ಲಾಸ್ಟಿಕ್ ಚೀಲ, ಚೀಟಿಯಲ್ಲಿ ಒಂದೇ ಹೆಸರು. ಅಪ್ಪ ಮುಖ ನೋಡಿ ಚೀಲ ಕೊಡುತ್ತಿದ್ದ. ನಾನು ಇಡೀ ದಿನ ಮೊಬೈಲಿನ ಮುಖ ನೋಡುವವನು. ಹೀಗಾಗಿ ಇವರ ಸಜ್ಜೆ ಅವರ ಮನೆಗೆ, ಅವರ ಗೋದಿ ಇವರ ಮನೆಗೆ ಹೋಗಿ, ವಾರಕ್ಕೊಂದು ಜಗಳ ಕಾಯಂ ಆಗಿತ್ತು.

ಚೀಟಿ ಬರೆಯುವುದನ್ನು ಹನುಮಕ್ಕನಿಗೆ ಕಲಿಸಹೋದೆ. ಅವಳಿಗೆ ಅಕ್ಷರ ಅಷ್ಟಕ್ಕಷ್ಟೆ. ಚೀಟಿಯನ್ನು ತಿರುವಿ ಮುರುವಿ ನೋಡಿ, “ಇದ್ಯಾಕ್ರಿ, ಗಂಟು ನೋಡಿದ್ರ ಗೊತ್ತಾಗಂಗಿಲ್ಲೇನು?” ಎಂದಳು. ನಮ್ಮ ಹೆಂಗಸರು ಚೀಲದ ಬಾಯಿಯನ್ನು ಹಳೆ ಸೀರೆಯ ಅಂಚು ಹರಿದು ಕಟ್ಟಿರುತ್ತಾರೆ. ಒಬ್ಬಳದು ಎಡಗೈ ಗಂಟು, ಒಬ್ಬಳದು ಎರಡು ಸುತ್ತಿನ ಗಂಟು, ಮತ್ತೊಬ್ಬಳು ತುದಿಯನ್ನು ಒಳಗೆ ಸಿಕ್ಕಿಸುತ್ತಾಳೆ. ಹನುಮಕ್ಕ ಗಂಟು ಬಿಚ್ಚುವಾಗಲೇ ಅದನ್ನು ಕಣ್ಣಲ್ಲಿ ಇಟ್ಟುಕೊಂಡು, ಹಿಟ್ಟು ತುಂಬಿದ ಮೇಲೆ ಅದೇ ಅಂಚಿನಿಂದ ಅದೇ ಗಂಟು ಹಾಕುತ್ತಿದ್ದಳು. ಸಂತೆಯಿಂದ ಬಂದವರು ತಮ್ಮ ಗಂಟು ತಾವೇ ಗುರುತಿಸಿ ಎತ್ತಿಕೊಂಡು ಹೋಗುತ್ತಿದ್ದರು. ಜಗಳ ನಿಂತೇ ಹೋಯಿತು. ನನಗೆ ನಿದ್ದೆ ಚೆನ್ನಾಗಿ ಬರತೊಡಗಿತು, ಅದೂ ಗಿರಣಿಯಲ್ಲೇ.

ಹೀಗೆ ಸುಖ ಉಂಡವನು ಅವಳನ್ನು ಉಳಿಸಿಕೊಳ್ಳಬೇಕಿತ್ತಲ್ಲ? ಇಲ್ಲ. ಗಂಟಿನ ವಿದ್ಯೆ ನನಗೂ ಬಂತು, ಅದರಲ್ಲೇನು ಮಹಾ, ಎಂದುಕೊಂಡೆ. ಆರನೇ ತಿಂಗಳ ಕೊನೆಯ ವಾರ ಮಗಳ ಕಾಲೇಜಿಗೆ ಹೋಗಬೇಕೆಂದು ಹನುಮಕ್ಕ ಒಂದು ದಿನ ರಜೆ ಕೇಳಿದಳು. ಅಂದು ಸಂತೆ. ಹೋಗಿ ಬಾ, ನಾನಿಲ್ಲವೇ ಎಂದು ಎದೆಯುಬ್ಬಿಸಿ ಕಳಿಸಿದೆ. ನನ್ನ ದುರ್ದೈವಕ್ಕೆ, ಹಿಂದಿನ ದಿನವಷ್ಟೇ ಒಬ್ಬರು ನನಗೆ ನೈಲಾನ್ ದಾರದ ದೊಡ್ಡ ಉಂಡೆಯನ್ನು ಪುಕ್ಕಟೆಯಾಗಿ ಕೊಟ್ಟಿದ್ದರು. ಆ ಹಳೆ ಅಂಚುಗಳೇಕೆ ಎಂದು ಎಲ್ಲವನ್ನೂ ಬಿಚ್ಚಿ ಬುಟ್ಟಿಗೆ ಎಸೆದೆ. ಬೀಸಿದ ಚೀಲಗಳಿಗೆಲ್ಲ ಹೊಸ ದಾರದಿಂದ ನನಗೆ ಬರುವ ಒಂದೇ ಗಂಟು ಹಾಕಿ, ಸೈನಿಕರ ಹಾಗೆ ಸಾಲಾಗಿ ನಿಲ್ಲಿಸಿ, ಫೋಟೊ ಬೇರೆ ತೆಗೆದುಕೊಂಡೆ.

ಸಂಜೆ ಬಸ್ಸಿನ ಹೊತ್ತಿಗೆ ಹೆಂಗಸರು ಬಂದರು. ಹತ್ತು ಜನ, ಹನ್ನೊಂದು ಚೀಲ. ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಚೀಟಿ ಹುಡುಕಿದೆ, ಬರೆದೇ ಇರಲಿಲ್ಲ. ಹನ್ನೊಂದನೆಯ ಚೀಲ ಯಾರದೆಂಬುದೂ ತಿಳಿಯಲಿಲ್ಲ. ಅಂದಾಜಿನ ಮೇಲೆ ಒಂದನ್ನು ಕೊಡಹೋದರೆ, ಹಿರಿಯಳೊಬ್ಬಳು ನನ್ನ ಕೈ ಸರಿಸಿ, “ಇರ್ಲಿ ಬಿಡಪಾ, ನಾಳೆ ಹನುಮಕ್ಕ ಬರ್ಲಿ” ಎಂದಳು. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದು ಹತ್ತು ಮನೆಗಳಲ್ಲಿ ರೊಟ್ಟಿಯಿಲ್ಲ. ನಮ್ಮ ಮನೆಯಲ್ಲೂ ಹೆಂಡತಿ ಅನ್ನ ಬಡಿಸಿದಳು. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಮರುದಿನ ಹತ್ತೂ ಜನ ಮೊದಲ ಬಸ್ಸಿಗೇ ಬಂದರು. ಹನುಮಕ್ಕ ಚೀಲಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದರಿಂದ ಚಿಟಿಕೆ ಹಿಟ್ಟು ತೆಗೆದು ಉಜ್ಜಿ, ಮೂಸಿ, ನಾಲಿಗೆಗೆ ಹಚ್ಚಿ ನೋಡತೊಡಗಿದಳು. ಇದು ಉದ್ದು ಕಲಸಿದ ಜೋಳ, ಬಾಣಂತಿ ಮನೆಯದು. ಇದು ಮೆಂತ್ಯ ಹಾಕಿದ ಗೋದಿ. ಇದು ಹಲವಾಗಲು ಊರಿನ ಹೊಳೆದಂಡೆಯ ಜೋಳ, ಅಲ್ಲಿ ತವರಿರುವವಳದು. ಹತ್ತು ಚೀಲಗಳು ಹತ್ತು ಕೈ ಸೇರಿದವು, ಯಾರೂ ತಲೆ ಅಲ್ಲಾಡಿಸಲಿಲ್ಲ. ಉಳಿದ ಒಂದನ್ನು ರುಚಿ ನೋಡಿ ಅವಳು ನನ್ನತ್ತ ತಿರುಗಿದಳು.

“ಇದು ನಿಮ್ಮ ಮನೀದ್ರಿ ಸಾವ್ಕಾರ್ರ. ಹಲ್ಲಿಗೆ ಉಸುಕು ಹತ್ತಾಕತ್ತೈತಿ. ಗೋದಿ ಹಸನ ಮಾಡೋರು ನೀವಂತಲ್ರಿ.”

ಮೊಬೈಲ್ ನೋಡುತ್ತ ಗೋದಿ ಹಸನು ಮಾಡುವ ನನ್ನ ಕಲೆ ಹತ್ತು ಹಳ್ಳಿಗೆ ಗೊತ್ತಾಯಿತು. ಹೆಂಗಸರ ನಗು ನಿಲ್ಲುವ ಮೊದಲೇ ಮೇಡಂ ಕಾಗದ ಹಿಡಿದುಕೊಂಡು ಒಳಗೆ ಬಂದರು. ಆರು ತಿಂಗಳು ಮುಗಿಯಿತು, ಇವರನ್ನು ಕಾಯಂ ಮಾಡಿಕೊಳ್ಳುತ್ತೀರೋ, ಬೇರೆಯವರನ್ನು ಕಳಿಸಲೋ ಎಂದು ಕೇಳಿದರು. ನಗು ಗಪ್ಪನೆ ನಿಂತಿತು. ಹನುಮಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು.

“ಕೂಡ್ಲಿಗಿ ರಸ್ತಿ ಗಿರಣಿಯವ್ರು ಕರ್ದಾರ್ರಿ. ನನಗ ಇಲ್ಲೇ ಇರಬೇಕಂತ ಐತಿ. ಆದ್ರ ‘ನೋಡೂಣಂತ’ ಅಂತ ಮಾತ್ರ ಅನಬ್ಯಾಡ್ರಿ.”

ಕಾಗದ ಕಿತ್ತುಕೊಂಡು ‘ಕಾಯಂ’ ಎಂದು ಬರೆದೆ. ಸಾಲದೆಂದು ಅಡಿಗೆರೆಯನ್ನೂ ಎಳೆದೆ. ಜೀವನದಲ್ಲಿ ಮೊದಲ ಸಲ ಪುಕ್ಕಟೆಯಲ್ಲದ್ದೊಂದನ್ನು ನಾನಾಗಿ ಕೈಚಾಚಿ ಪಡೆದಿದ್ದೆ, ಅದಕ್ಕೆ ಅಷ್ಟು ಸಂತೋಷವಾಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಸಹಿ ಮಾಡುವ ಜಾಗದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಮೇಡಂ ಶಾಯಿ ಡಬ್ಬಿ ತೆಗೆದರೆ, ಹನುಮಕ್ಕ ಬೇಡವೆಂದು ಪೆನ್ನು ಕೇಳಿದಳು. ನನ್ನ ಚೀಟಿಗಳನ್ನು ನೋಡಿ ನೋಡಿ ಅವಳು ಮೊದಲು ಬರೆಯಲು ಕಲಿತ ಹೆಸರು ‘ಕೊಟ್ರೇಶ’ ಅಂತೆ. ತನ್ನ ಹೆಸರನ್ನು ಆಮೇಲೆ ಮಗಳಿಂದ ಕಲಿತಳಂತೆ. ಒಂದೊಂದೇ ಅಕ್ಷರವಾಗಿ ‘ಹನುಮಕ್ಕ’ ಎಂದು ಬರೆದಳು. ಹತ್ತು ಹೆಂಗಸರೂ ಚೀಲ ಕೆಳಗಿಟ್ಟು ನೋಡಿದರು. ಹಿರಿಯಳು ಸಂತೆಯ ಬೆಲ್ಲದ ಚೂರು ಮುರಿದು ಮೊದಲು ಅವಳ ಬಾಯಿಗಿಟ್ಟಳು. ನನಗೂ ಸಿಕ್ಕಿತು, ಕಡೆಯಲ್ಲಿ.

ಇದಾಗಿ ಎಂಟು ತಿಂಗಳಾಯಿತು. ಹನುಮಕ್ಕ ಈಗ ಕೊಟ್ಟೂರಲ್ಲೇ ಮನೆ ಮಾಡಿ ಮಗಳ ಜೊತೆ ಇದ್ದಾಳೆ. ಗಿರಣಿಯ ಬೀಗದ ಕೈ ಅವಳ ಹತ್ತಿರವೇ ಇರುತ್ತದೆ. ನೈಲಾನ್ ದಾರದಲ್ಲಿ ನನ್ನ ಹೆಂಡತಿ ಬಟ್ಟೆ ಒಣಗಿಸುತ್ತಾಳೆ. ಗಿರಾಕಿ ಇಲ್ಲದ ಮಧ್ಯಾಹ್ನ ಹನುಮಕ್ಕ ನನ್ನ ಮುಂದೆ ಒಂದು ಖಾಲಿ ಚೀಲ ಮತ್ತು ಸೀರೆಯ ಅಂಚು ಇಟ್ಟು ಹೋಗುತ್ತಾಳೆ. ಎರಡು ಸುತ್ತಿನ ಗಂಟು ಒಂದು ಮಟ್ಟಕ್ಕೆ ಬಂದಿದೆ, ಎಡಗೈ ಗಂಟು ಮಾತ್ರ ಇನ್ನೂ ಒಲಿದಿಲ್ಲ. ಮೊನ್ನೆ ಹೆಂಡತಿ ಗೋದಿ ತಂದವಳು, ನಾನು ಎದುರಿಗೇ ಕೂತಿದ್ದರೂ ಲೆಕ್ಕಿಸದೆ, ಇವರು ಕೆಲಸ ಕಲಿಯುತ್ತಿದ್ದಾರೋ ಇಲ್ಲವೋ ಎಂದು ವಿಚಾರಿಸಿದಳು. ಹನುಮಕ್ಕ ನಾನು ಹಾಕಿದ ಗಂಟನ್ನು ಎಳೆದು ನೋಡಿದಳು. ಅದು ಬಿಚ್ಚಿಕೊಂಡಿತು.

“ಆರ್ ತಿಂಗಳು ಕಳೀಲ್ರಿ ಅಕ್ಕಾರ,” ಎಂದಳು, “ನೋಡೂಣಂತ.”